ಕೇರೆ ಹಾವಿನ ಪೆಟ್ಟಿಗೆಯಲ್ಲಿ ಹಪ್ಪಳ

ನನ್ನ ಗಂಡ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅರವತ್ತರ ದಶಕದ ಕೊನೆಯಲ್ಲಿ ಅವರಿಗೆ ಸಿರುಗುಪ್ಪದಿಂದ ಬಳ್ಳಾರಿಗೆ ವರ್ಗವಾದಾಗ ನಮ್ಮ ಸಂಸಾರದಲ್ಲಿ ಇದ್ದದ್ದು ಮೂರು ಜೀವ: ಅವರು, ನಾನು, ಒಂದು ಕೇರೆ ಹಾವು. ಮರ್ಯಾದೆಯ ಲೆಕ್ಕದಲ್ಲಿ ಹೇಳುವುದಾದರೆ ಹಾವನ್ನು ಮೊದಲು ಹೇಳಬೇಕಿತ್ತು.

ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹಮಾಲರು ಅದನ್ನು ಬಡಿಯಲು ಹೊರಟಾಗ ಇವರು ಅಡ್ಡ ಹೋಗಿ, ಚೀಲಕ್ಕೆ ಹಾಕಿಕೊಂಡು ಮನೆಗೆ ತಂದಿದ್ದರು. "ವಿಷ ಇಲ್ಲ, ಕಚ್ಚಿದ್ರೂ ಏನೂ ಆಗಂಗಿಲ್ಲ" ಎಂದು ನನಗೆ ಧೈರ್ಯ ಹೇಳಿದರು. ಹೊಸದಾಗಿ ಬಂದ ಹೆಂಡತಿಗೆ ಗಂಡಂದಿರು ಹೇಳುವ ಸವಿಮಾತು ಹೀಗೇ ಇರುತ್ತದೇನೋ ಅಂದುಕೊಂಡೆ. ಸಿರುಗುಪ್ಪದಲ್ಲಿ ಸುತ್ತಲೂ ಭತ್ತದ ಗದ್ದೆ, ಕಾಲುವೆ, ಗಾಳಿಯಲ್ಲೇ ನೀರಿನ ಪಸೆ. ಹಾವು ಯಾರಿಗೂ ತೊಂದರೆ ಕೊಡದೆ ಕಾಲುಚೀಲ ಕಳಚಿದ ಹಾಗೆ ಪೊರೆ ಬಿಡುತ್ತಿತ್ತು.

ಬಳ್ಳಾರಿಯಲ್ಲಿ ನಮಗೆ ಸಿಕ್ಕಿದ್ದು ಕಂಟೋನ್ಮೆಂಟಿನ ಹಳೆಯ ಬಂಗಲೆಯೊಂದರ ಹಿಂದಿನ ಎರಡು ಕೋಣೆ. ಮುಂದಿನವರಿಗೆ ಎತ್ತರದ ಸೂರು, ಅಗಲವಾದ ವರಾಂಡ. ನಮಗೆ ತಗಡು. ಬೇಸಿಗೆಯಲ್ಲಿ ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕಿ ಬೆನ್ನು ತಿರುಗಿಸುವಷ್ಟರಲ್ಲಿ ಒಣಗಿರುತ್ತಿತ್ತು. ಆ ಹವೆಗೆ ಹಾವಿನ ಪೊರೆ ಚಿಂದಿಚಿಂದಿಯಾಗಿ ಬಂತು, ಕಣ್ಣಿನ ಮೇಲಿನದು ಬರಲೇ ಇಲ್ಲ. ಹಾವಿಗೆ ರೆಪ್ಪೆ ಇರುವುದಿಲ್ಲ, ಕಣ್ಣಿನ ಮೇಲೂ ಪೊರೆಯೇ. ಅದು ಕಳಚದೆ ಪದರದ ಮೇಲೆ ಪದರ ಕೂತರೆ ಹಾವು ಕುರುಡಾಗುತ್ತದೆ ಎಂದು ಇವರು ಊಟ ಬಿಟ್ಟು ಕೂತರು. "ಮುಂದಿನ ಪೊರಿನೂ ಹಿಂಗ ಆದ್ರ ಇದನ್ನ ಸಿರುಗುಪ್ಪದ ಗದ್ದಿಗೆ ಬಿಟ್ಟು ಬರ್ತೀನಿ" ಎಂದೂ ಅಂದರು. ನನ್ನ ಬಿಡುಗಡೆ ಹಾವಿನ ಕಣ್ಣಿನ ಮೇಲೆ ನಿಂತಿತು.

ಹಾವಿನ ಮನೆ ಎಂದರೆ ಚಹಾ ಪುಡಿ ಬರುತ್ತಿದ್ದ ಹಲಗೆ ಪೆಟ್ಟಿಗೆ. ಮುಂದೆ ಗಾಜು, ಮೇಲೆ ಜಾಲರಿ, ಒಳಗೆ ಮಣ್ಣು, ತೆಂಗಿನ ನಾರು. ಇವರು ಜಾಲರಿಯ ಮೇಲೆ ಗೋಣಿತಾಟು ಹಾಸಿದರು. ತೇವ ಅಳೆಯುವ ಯಂತ್ರ ಸ್ಕೂಲಿನಲ್ಲಿ ಇರಲಿಲ್ಲ, ಆದರೆ ಮನೆಯಲ್ಲಿ ಹಪ್ಪಳ ಇತ್ತು. ಕುರುಗೋಡಿನಿಂದ ಅವ್ವ ಕಳಿಸಿದ್ದ ಉದ್ದಿನ ಹಪ್ಪಳಕ್ಕೆ ದಾರ ಪೋಣಿಸಿ ಪೆಟ್ಟಿಗೆಯ ಮೂಲೆಗೆ ತೂಗು ಹಾಕಿದರು. ಮುರಿದರೆ ಒಣ, ಬಾಗಿದರೆ ಸರಿ, ಜೋಲುಬಿದ್ದರೆ ತೇವ ಹೆಚ್ಚು. ಹೆಚ್ಚಾದರೆ ಹಾವಿನ ಹೊಟ್ಟೆಯ ಕೆಳಗೆ ಹುಣ್ಣಾಗುತ್ತದೆಯಂತೆ. ನನ್ನ ಹೊಟ್ಟೆಗೆ ಬರಬೇಕಾದ ಹಪ್ಪಳ ಹೀಗೆ ವಿಜ್ಞಾನದ ಸೇವೆಗೆ ಸೇರಿತು.

ಪ್ರತಿದಿನ ಬೆಳಿಗ್ಗೆ ಒಂದು ಚೊಂಬು ನೀರನ್ನು ತಾಟಿನ ಮೇಲೆ ಪೂಜೆಯ ಶ್ರದ್ಧೆಯಿಂದ ಚಿಮುಕಿಸಿ ಇವರು ಸೈಕಲ್ ಹತ್ತುತ್ತಿದ್ದರು. ಸೈಕಲ್ ಗೇಟು ದಾಟುವ ಹೊತ್ತಿಗೆ ತಾಟು ಗರಿಗರಿ.

"ಏನ್ರಿ, ನೀವು ಅತ್ತ ಹೋಗೂದ್ರಾಗ ಅದು ಒಣಗ್ತೈತ್ರಿ" ಎಂದೆ ಒಂದು ದಿನ.

ಅವರು ನನಗೆ ಆವಿಯಾಗುವಿಕೆಯ ಪಾಠ ಮಾಡಿದರು. ಕೊನೆಗೆ, "ನಿನಗ ಅದೆಲ್ಲ ತಿಳಿಯಂಗಿಲ್ಲ ಬಿಡು. ಪೆಟ್ಟಿಗಿ ತಾನ ತೇವ ಹಿಡೀತೈತಿ, ನಾ ಹಂಗ ಮಾಡೀನಿ ಅದನ್ನ" ಎಂದರು. ಕೇಳಿ ಧನ್ಯಳಾದೆ.

ನಾನು ಕೈಕಟ್ಟಿ ಕೂತಿದ್ದರೆ ಸಾಕಿತ್ತು. ಪೊರೆ ಹರಿಯುತ್ತಿತ್ತು, ಹಾವು ಸಿರುಗುಪ್ಪದ ಬಸ್ಸು ಹತ್ತುತ್ತಿತ್ತು. ಆದರೆ ಹಗಲೆಲ್ಲ ಅದರ ಜೊತೆ ಮನೆಯಲ್ಲಿ ಇದ್ದವಳು ನಾನು. ಮಬ್ಬುಗಣ್ಣಿಟ್ಟುಕೊಂಡು ಗಾಜಿಗೆ ಮೂತಿ ತಿಕ್ಕುತ್ತಿದ್ದರೆ ನೋಡಲಾಗುತ್ತಿರಲಿಲ್ಲ. ಅಯ್ಯೋ ಅನಿಸುತ್ತಿತ್ತು, ಹಾಗೆ ಅನಿಸಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು. ನಲ್ಲಿಯಲ್ಲಿ ಬೆಳಿಗ್ಗೆ ಬಿಟ್ಟರೆ ನೀರಿಲ್ಲ. ಸುಡುವ ರಸ್ತೆ ದಾಟಿ ಬಾವಿಯಿಂದ ಕೊಡ ಹೊತ್ತು ತರುವುದು, ತಾಟು ನೆನೆಸುವುದು, ಹಪ್ಪಳ ಮುಟ್ಟಿ ನೋಡುವುದು, ಜೋಲುಬಿದ್ದಿದ್ದರೆ ತಾಟು ಸರಿಸಿ ಗಾಳಿ ಬಿಡುವುದು, ಮತ್ತೆ ಬಾವಿಗೆ ಹೋಗುವುದು. ನನ್ನ ಬೆನ್ನ ಮೇಲೆ ಬೆವರುಸಾಲೆ ಎದ್ದು ಉರಿಯುತ್ತಿತ್ತು. ಅದರ ತೇವ ಅಳೆಯಲು ಯಾರೂ ಹಪ್ಪಳ ಕಟ್ಟಿರಲಿಲ್ಲ.

ಸಂಜೆ ಇವರು ಬಂದು ಚಪ್ಪಲಿ ಬಿಡುವ ಮೊದಲೇ ಹಪ್ಪಳ ಬಾಗಿಸಿ ನೋಡುತ್ತಿದ್ದರು. "ನೋಡಿದೇನು? ಮುಂಜಾನಿ ಹಾಕಿದ್ದು ಇನ್ನೂ ಹಂಗ ಐತಿ! ಪೆಟ್ಟಿಗಿ ಅಂದ್ರ ಹಿಂಗಿರಬೇಕು."

ಪೊರೆ ಬಂತು. ತಲೆಯಿಂದ ಬಾಲದವರೆಗೆ ಒಂದೇ ತುಂಡು, ಎರಡೂ ಕಣ್ಣಿನದು ಸಮೇತ. ಇವರು ಅದನ್ನು ಸ್ಕೂಲಿಗೆ ಒಯ್ದು ಎಲ್ಲರಿಗೂ ತೋರಿಸಿದರು. ಸಹೋದ್ಯೋಗಿಯೊಬ್ಬರು ಪೆಟ್ಟಿಗೆಯ ಅಳತೆ ಕೇಳಿದರಂತೆ. ಅದನ್ನು ನನಗೆ ಹೇಳುವಾಗ ಅವರ ಮುಖದಲ್ಲಿ ಹಬ್ಬ. ಬಚ್ಚಲ ಬಾಗಿಲಲ್ಲಿ ಖಾಲಿ ಕೊಡಗಳು ಸಾಲಾಗಿ ಕೂತಿರುತ್ತಿದ್ದವು. ಈ ಮನುಷ್ಯ ಅವನ್ನು ದಾಟಿಕೊಂಡೇ ದಿನಾ ಕೈಕಾಲು ತೊಳೆಯಲು ಹೋಗುತ್ತಿದ್ದರು.

"ಅವ್ವನ್ನ ನೋಡಿ ಭಾಳ ದಿನ ಆತ್ರಿ, ಕುರುಗೋಡಿಗೆ ಹೋಗ್ತೀನಿ" ಎಂದೆ ಮರುದಿನ.

"ಹೋಗಿ ಬಾ. ಹಾವಿಂದು ಚಿಂತಿ ಮಾಡಬ್ಯಾಡ, ಪೆಟ್ಟಿಗಿ ಐತಲ್ಲ."

ಪೆಟ್ಟಿಗೆ ಇತ್ತು. ಅದರ ಮೇಲೆ ಭಾರ ಹಾಕಿ ನಾನು ತವರಿನಲ್ಲಿ ಕಾಲು ಚಾಚಿ ಕೂತೆ. ತಿಂಗಳು ಕಳೆದಿರಬಹುದು, ಒಂದು ಮಧ್ಯಾಹ್ನ ಇವರು ಮುಚ್ಚಿದ ಬುಟ್ಟಿ ಎದೆಗವಚಿಕೊಂಡು ಬಸ್ಸಿಳಿದು ಬಂದರು. ಅಳಿಯ ಬಂದರೆಂದು ಅವ್ವ ಹೋಳಿಗೆಗೆ ಬೇಳೆ ಹಾಕಲು ಎದ್ದಳು. ಬುಟ್ಟಿಯೊಳಗೆ ಇಣುಕಿದವಳು ಅಲ್ಲೇ ಕುಸಿದು ಕೂತಳು. ಹಾವಿನ ಮೈತುಂಬ ಹರಿದ ಪೊರೆ ಅಂಟಿಕೊಂಡಿತ್ತು, ಕಣ್ಣೆರಡಕ್ಕೂ ಸುಣ್ಣ ಬಳಿದಂತಿತ್ತು.

"ಬಳ್ಳಾರಿ ಹವಾನ ಸರಿ ಇಲ್ಲ" ಎಂದರು ಇವರು. ಬುಟ್ಟಿಯನ್ನೂ ನನ್ನನ್ನೂ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಇಂಥ ಹಾವು ಬಿಟ್ರ ಬದುಕಂಗಿಲ್ಲ. ನೀ ಏನ್ ಮಾಡ್ತಿದ್ದಿ ಅದಕ್ಕ?" ಎಂದು ಕೇಳಿದರು. ಉತ್ತರ ಬೇಕು ಅಂತಲೇ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು.

"ನೀರು ಹೊರ್ತಿದ್ದೆ ನೋಡ್ರಿ, ಹೊತ್ತು ಮುಳುಗೋತನ." ಒಳಗೆ ಹೋಗಿ ಅವ್ವನ ದೊಡ್ಡ ಕೊಡ ತಂದು ಅವರ ಮುಂದೆ ಇಟ್ಟೆ. "ಬಾವಿ ಓಣಿ ತುದಿಗೆ ಐತಿ."

ಕಣ್ಣು ತಿಳಿಯಾದ ಮೇಲೆ ಹಾವನ್ನು ಸಿರುಗುಪ್ಪದ ಗದ್ದೆಗೆ ಬಿಟ್ಟದ್ದು ಆಮೇಲಿನ ಮಾತು. ಆ ಮಧ್ಯಾಹ್ನ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ, ಮೊದಲ ಕೊಡ ಹೆಗಲ ಮೇಲೆ ಹೊತ್ತು, ಅರ್ಧ ನೀರು ಮೈಮೇಲೆ ಚೆಲ್ಲಿಕೊಂಡು ಬಂದರು. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತರು. ಮನೆಯ ಅಳಿಯ ನೀರು ಹೊರುವುದನ್ನು ನೋಡಲಾರದೆ ಅವ್ವ ಸೆರಗಿನಲ್ಲಿ ಮುಖ ಮುಚ್ಚಿ ಒಳಗೆ ಓಡಿದಳು.

ನಾನು ಕಟ್ಟೆಯ ಮೇಲೆ ಕೂತು, ಬುಟ್ಟಿಗೆ ಹೊದಿಸಿದ್ದ ಗೋಣಿತಾಟು ಮುಟ್ಟಿ ನೋಡಿ, "ಇನ್ನೊಂದು ಕೊಡ ಬೇಕಾಗ್ತೈತ್ರಿ" ಎಂದೆ.