ಕುಮಾರಸ್ವಾಮಿ ಲೇಔಟಿನಲ್ಲಿ ಹುರುಳಿ ಬಿತ್ತನೆ

ನಮ್ಮ ಹೊಲ ಲೇಔಟಾದಾಗ ಅಪ್ಪ ಎತ್ತುಗಳನ್ನು ಮಾರಿದರು, ಕಬ್ಬಿಣದ ಕೂರಿಗೆಯನ್ನು ಮಾತ್ರ ಮಾರಲಿಲ್ಲ. ಬೀಜಕ್ಕೊಂದು, ಗೊಬ್ಬರಕ್ಕೊಂದು ಪೆಟ್ಟಿಗೆ ಇದ್ದ ಆ ಬಿತ್ತುವ ಯಂತ್ರ ನಮ್ಮ ಮೆಟ್ಟಿಲ ಕೆಳಗೆ ತುಕ್ಕು ಹಿಡಿದು ಕೂತಿತ್ತು. ಕಳೆದ ವರ್ಷ ಅಮ್ಮ, "ಅಲ್ಲಿ ವಾಷಿಂಗ್ ಮೆಷಿನ್ ಇಡ್ಬೇಕು, ಅದನ್ನ ಗುಜರಿಗೆ ಹಾಕ್ರೀ" ಎಂದಳು. ಅಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ.

"ರಿಪೇರಿ ಮಾಡ್ಸಿ ಬಿತ್ತಿ ತೋರುಸ್ತೀನಿ. ಸಾಲು ನೆಟ್ಟಗೆ ಬರ್ಲಿಲ್ಲ ಅಂದ್ರೆ ನಾನೇ ಗುಜರಿಗೆ ಹಾಕ್ತೀನಿ!"

ಬಿಟ್ಟಿ ಕೂಲಿಯಾಳು ನಾನೇ. ಗೊಬ್ಬರದ ಪೆಟ್ಟಿಗೆಯಲ್ಲಿ ಯಾವ ಕಾಲದ್ದೋ ಯೂರಿಯಾ ಕಲ್ಲಾಗಿತ್ತು, ಉಳಿ ಹಿಡಿದು ಕುಟ್ಟಿ ತೆಗೆದೆ. ಬೀಜ ಇಳಿಯುವ ಕೊಳವೆಗಳು ಪುಡಿಯಾಗಿದ್ದವು. ಬನಶಂಕರಿಯ ಅಂಗಡಿಗಳಲ್ಲಿ ಕೂರಿಗೆ ಎಂದರೆ ಮುಖ ಮುಖ ನೋಡಿದರು. ಕೊನೆಗೆ ವಾಷಿಂಗ್ ಮೆಷಿನ್ನಿನ ನೀರು ಹೋಗುವ ಪೈಪುಗಳನ್ನೇ ತಂದು ಸಿಕ್ಕಿಸಿದೆ. "ಮೆಷಿನ್ ಬರೋಕ್ ಮುಂಚೆ ಪೈಪ್ ಬಂತು" ಎಂದಳು ಅಮ್ಮ.

ಆಯುಧಪೂಜೆಯ ದಿನ ಸ್ಕೂಟರು, ನೀರಿನ ಮೋಟಾರುಗಳ ಜೊತೆ ಕೂರಿಗೆಯನ್ನೂ ಗೇಟಿನ ಹೊರಗಿಟ್ಟು ಪೂಜೆ ಮಾಡಿದೆವು. ಎಡವಟ್ಟಾದದ್ದೇ ಅಲ್ಲಿ. ನಮ್ಮ ಮನೆತನದಲ್ಲಿ ಪೂಜೆಯಾದ ಕೂರಿಗೆ ಬಿತ್ತದೆ ಒಳಗೆ ಬರುವಂತಿಲ್ಲ. ಅಪ್ಪ ಸುತ್ತ ನೋಡಿದರು. ಎಲ್ಲ ಕಾಂಕ್ರೀಟು. ಮಣ್ಣು ಇದ್ದದ್ದು ಒಂದೇ ಕಡೆ, ಪೈಪು ಹಾಕಲು ಅಗೆದು, ಮುಚ್ಚಿ, ಡಾಂಬರು ಹಾಕದೆ ಬಿಟ್ಟುಹೋಗಿದ್ದ ನಮ್ಮ ರಸ್ತೆಯಲ್ಲಿ.

"ಈಗ ಹುರುಳಿ ಕಾಲ" ಎಂದು ಅಪ್ಪ ಪಂಚೆ ಎತ್ತಿ ಕಟ್ಟಿದರು.

ಎತ್ತುಗಳ ಜಾಗಕ್ಕೆ ನಾನು ಮತ್ತು ಮೇಲಿನ ಮನೆಯ ಬಾಡಿಗೆಯವರು. ಬ್ಯಾಂಕಿನಲ್ಲಿ ಕೆಲಸ, ಬಹಳ ಮರ್ಯಾದಸ್ಥರು. "ಸಾರ್, ನಾನು ಎಡಗಡೆ ಎತ್ತಾ, ಬಲಗಡೇದಾ?" ಎಂದು ಕೇಳಿಯೇ ನಿಂತರು. ಅಪ್ಪ ಹಿಂದಿನಿಂದ ನನಗೆ ಬೈದಷ್ಟು ಯಾವ ಎತ್ತಿಗೂ ಬೈದಿರಲಾರರು. ಅರ್ಧ ರಸ್ತೆಯವರೆಗೆ ಸಾಲು ದಾರ ಹಿಡಿದಂತೆ ಹೋಯಿತು. ಅಲ್ಲೊಂದು ಕಾರು ನಿಂತಿತ್ತು. ಅದರ ಯಜಮಾನರು ಹಾರ ಹಾಕಿ, ಬೀಗ ಹಾಕಿ, ರೈಲಿನಲ್ಲಿ ಊರಿಗೆ ಹೋಗಿದ್ದರು. ಸುತ್ತಿಕೊಂಡು ಹೋದೆವು. ಸಾಲು ಅಲ್ಲಿ ಬಾಗಿತು. ಬಿತ್ತನೆ ಮುಗಿದರೂ ಅಪ್ಪ ಕೂರಿಗೆಯನ್ನು ಒಳಗೆ ತರಲು ಬಿಡಲಿಲ್ಲ.

ಹುರುಳಿ ಮೊಳೆಯಿತು. ಮೂರು ಹಸಿರು ಸಾಲು ನೆಟ್ಟಗೆ ಬಂದು, ಕಾರನ್ನು ಬಳಸಿ, ಮತ್ತೆ ನೆಟ್ಟಗೆ. ಸ್ಕೂಟರಿನವರೂ ಪಾಪ, ಸಾಲು ತಪ್ಪಿಸಿ ಓಡಿಸುತ್ತಿದ್ದರು. ಅಪ್ಪ ನೋಡಿದರು, ಇನ್ನೊಮ್ಮೆ ನೋಡಿದರು.

"ಗುಜರಿಯವ್ನಿಗೆ ಹೇಳು. ಮಾತು ಅಂದ್ರೆ ಮಾತು."

ನನಗೆ ಸಂಕಟವಾಯಿತು. ಇಷ್ಟು ಕುಟ್ಟಿದ್ದೇನೆ, ಎಳೆದಿದ್ದೇನೆ, ಈಗ ಅದು ನನ್ನದೂ ಆಗಿತ್ತು. ಅಷ್ಟರಲ್ಲಿ ಅಮ್ಮ ಪೊರಕೆ ಹಿಡಿದು ಹೊರಗೆ ಬಂದಳು, ಸಾಲುಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಸೊಟ್ಟ ಇರೋದು ಕಾರು. ಕೂರಿಗೆ ಒಳಗೆ ತನ್ನಿ."

"ಮತ್ತೆ ಮೆಷಿನ್ನು?" ಅಪ್ಪನ ದನಿ ಮೆತ್ತಗಾಗಿತ್ತು.

"ಬಟ್ಟೆ ನೀವು ಒಗೀರಿ."

ಅಪ್ಪ ಈಗ ದಿನಾ ಬೆಳಿಗ್ಗೆ ಎಲ್ಲರ ಬಟ್ಟೆ ಒಗೆಯುತ್ತಾರೆ, ಒಮ್ಮೆಯೂ ಗೊಣಗಿಲ್ಲ.