ನನಗಿಂತ ಮೊದಲು ಹಿಮ ಕಂಡ ಸ್ವೆಟರ್

ದಾದರಿನಿಂದ ಘಾಟ್ಕೋಪರಿಗೆ ಬರುವ ಲೋಕಲ್‌ನಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಿದ್ದಾಗ ಫೋನಿಗೆ ಆ ಫೋಟೊ ಬಂತು. ಪಕ್ಕದ ಮನೆಯ ಸುರೇಖಾ ಮನಾಲಿಯಲ್ಲಿ, ಮೊಣಕಾಲುದ್ದದ ಹಿಮದಲ್ಲಿ ನಿಂತು ನಗುತ್ತಿದ್ದಳು. ಮೈಮೇಲೆ ನನ್ನ ಉಣ್ಣೆಯ ಸ್ವೆಟರ್.

ಹನ್ನೊಂದು ವರ್ಷದ ಹಿಂದೆ ನನ್ನ ಗಂಡ ಮನಾಲಿ ತೋರಿಸುತ್ತೇನೆಂದು ಮಾತು ಕೊಟ್ಟಾಗ ನಾನೇ ಹೆಣೆದುಕೊಂಡಿದ್ದೆ. ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತ ಅದು ನುಸಿಗುಳಿಗೆಯ ಜೊತೆ ಕಪಾಟಿನಲ್ಲೇ ಉಳಿಯಿತು. ಸುರೇಖಾ ಕೇಳಿದಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ. ಈಗ ಫೋಟೊ ನೋಡಿ ಹೊಟ್ಟೆ ಉರಿಯಿತು. ಉತ್ತರ ಕಳಿಸದೆ ಫೋನನ್ನು ಪರ್ಸಿಗೆ ತುರುಕಿದೆ. ಆ ಉಣ್ಣೆ ಅವಳ ಕತ್ತಿಗೆ ಚೆನ್ನಾಗಿ ಚುಚ್ಚಲಿ ಎಂದೂ ಬಯಸಿದೆ, ಸುಳ್ಳೇಕೆ ಹೇಳಲಿ.

ವಾರದ ನಂತರ ಒಂದು ಮಧ್ಯಾಹ್ನ ಅವಳು ಸ್ವೆಟರ್ ಮರಳಿಸಲು ಬಂದಳು. “ವೈನಿ, ಬಾಡಿಗಿ ಕೋಟಿನಾಗ ನಮ್ಮವ್ರು ಗಡಗಡ ನಡಗಿದ್ರು. ನನಗ ಮಾತ್ರ ಥಂಡಿ ಹತ್ತಲೇ ಇಲ್ರಿ. ನೀರಿಗೆ ಹಾಕಿದ್ರ ಎಲ್ಲಿ ಕುಗ್ಗತದೋ ಅಂತ ತೊಳದಿಲ್ಲ, ಸಿಟ್ಟ ಮಾಡ್ಬ್ಯಾಡ್ರಿ.”

ಪರವಾಗಿಲ್ಲ ಎಂದೆ. ನಗು ಮಾತ್ರ ಬರಲಿಲ್ಲ.

ಅವಳು ಹೋದ ಮೇಲೆ ನೋಡಿದರೆ, ತೋಳಿನ ಎಳೆಗಳಲ್ಲಿ ದೇವದಾರು ಮರದ ಸೂಜಿಯಂಥ ಎಲೆಯೊಂದು ಸಿಕ್ಕಿಕೊಂಡಿತ್ತು. ಬಾಗಿಲು ಹಾಕಿ, ಫ್ಯಾನನ್ನು ಐದಕ್ಕೆ ತಿರುಗಿಸಿ, ಸ್ವೆಟರ್ ತೊಟ್ಟು ಅದರ ಕೆಳಗೆ ಕುಳಿತೆ. ಎರಡೇ ನಿಮಿಷಕ್ಕೆ ಬೆನ್ನಿನ ಮೇಲೆ ಬೆವರು ಇಳಿಯಿತು. ಸ್ವೆಟರ್ ತೆಗೆಯಲು ಮನಸ್ಸಾಗಲಿಲ್ಲ.