ಬಾವು ಬಾರದ ಕಾಲು

ಹೆಸರು ಹುಚ್ಚಮ್ಮ ಎಂದಿದ್ದರೂ ನಮ್ಮ ದೊಡ್ಡಮ್ಮನಷ್ಟು ಬುದ್ಧಿವಂತೆ ಪಂಚನಹಳ್ಳಿಯಲ್ಲಿ ಇನ್ನೊಬ್ಬಳಿರಲಿಲ್ಲ. ತೆಂಗಿನಕಾಯಿ ಸುಲಿದೂ ಸುಲಿದೂ ಮಂಡಿ ಹಿಡಿದುಕೊಂಡಾಗ ಮಾತ್ರ ಅವಳ ಬುದ್ಧಿ ಕೈಕೊಟ್ಟಿತು. ಸಂತೆಯಲ್ಲಿ ಯಾವನೋ ಮಹಾನುಭಾವ ನಾಟಿ ಔಷಧಿ ಎಂದು ಕೊಟ್ಟ ಪುಡಿಯನ್ನು ತಿನ್ನತೊಡಗಿದಳು. ವಾರದೊಳಗೆ ನೋವು ಮಂಗಮಾಯ. ತಿಂಗಳುಗಳು ಕಳೆದಂತೆ ಒಣಗಿದ ಮುಖ ದುಂಡಗಾಗಿ ಕೆಂಪೇರಿತು. ಕಳೆ ಬಂದಿದೆ ಎಂದು ಊರೆಲ್ಲ ಹೊಗಳಿ, ದೃಷ್ಟಿ ತೆಗೆದದ್ದೂ ಆಯಿತು.

ನನಗೆ ಆ ಮುಖ ಕಂಡರೆ ಭಯ. ದೊಡ್ಡಮ್ಮನ ಕಣ್ಣುಗಳು ಬೇರೆ ಯಾರದೋ ಮುಖದೊಳಗಿಂದ ನನ್ನನ್ನು ನೋಡುತ್ತಿದ್ದವು. ಎಷ್ಟು ಉಂಡರೂ ಹಸಿವು ಇಂಗದು, ನಿದ್ದೆ ಹತ್ತದು. ಮೆಲ್ಲಗೆ ಹಿಡಿದರೂ ಕೈಯ ಚರ್ಮ ನೀಲಿಗಟ್ಟುತ್ತಿತ್ತು.

ಆಷಾಢದಲ್ಲಿ ಅವಳ ಹಿಮ್ಮಡಿಗೆ ಜಾಲಿಮುಳ್ಳು ಮುರಿಯಿತು. ಬೇರೆಯವರಾಗಿದ್ದರೆ ಕಾಲು ಊದಿ ಜ್ವರ ಬರುತ್ತಿತ್ತು. ಇವಳಿಗೆ ಬಾವಿಲ್ಲ, ಕೆಂಪಿಲ್ಲ, ಮೈಯೂ ಬಿಸಿಯಿಲ್ಲ. ಮನೆಯಲ್ಲಿ ಮಾತ್ರ ಇಲಿ ಸತ್ತ ವಾಸನೆ. ಅಟ್ಟ, ಮೂಲೆಗಳನ್ನೆಲ್ಲ ಹುಡುಕಿ ಸುಸ್ತಾಗಿ ದೊಡ್ಡಮ್ಮನ ಪಕ್ಕ ಕೂತೆ. ವಾಸನೆ ಅವಳ ಕಾಲಿನದು ಎಂದು ಆಗ ತಿಳಿಯಿತು.

ಕಡೂರಿನಲ್ಲಿ ಡಾಕ್ಟರ್ ಶ್ರೀಜಾ ಗಾಯ ಬಿಡಿಸಿದರೆ ಬೊಗಸೆ ಕೀವು ಸುರಿಯಿತು. ದೊಡ್ಡಮ್ಮ ಅದನ್ನು ಯಾರದೋ ಕಾಲೆಂಬಂತೆ ನೋಡುತ್ತಿದ್ದಳು. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿದ್ದಾರೆ, ಮುಖ ನೋಡಿದರೇ ಗೊತ್ತಾಗುತ್ತದೆ ಎಂದರು ಡಾಕ್ಟರ್. ರೋಗಾಣು ಹೊಕ್ಕಾಗ ಮೈ ಕೂಗಿಕೊಳ್ಳುವುದೇ ಬಾವು, ಜ್ವರ. ಸ್ಟೀರಾಯ್ಡ್ ಅಂದರೆ ಕಾವಲು ನಾಯಿಯ ಬಾಯಿ ಕಟ್ಟಿದ ಹಾಗೆ. ಮಂಡಿಯೂ ಸುಮ್ಮನಾಯಿತು, ಕಳ್ಳ ಬಂದದ್ದೂ ತಿಳಿಯಲಿಲ್ಲ. ಸಕ್ಕರೆ ಬೇರೆ ಏರಿದ್ದರಿಂದ ಕಾಲು ಕತ್ತರಿಸಬೇಕಾಗಬಹುದು ಎಂದರು.

ಇವತ್ತೇ ಆ ಪುಡಿಯನ್ನು ತಿಪ್ಪೆಗೆ ಎಸೆಯುತ್ತೇನೆ ಎಂದೆ. ಡಾಕ್ಟರ್ ಗದರಿದರು.

“ಒಂದೇ ಸಲ ನಿಲ್ಸಿದ್ರೆ ಜೀವಾನೇ ಹೋಗುತ್ತೆ ಕಣಮ್ಮ. ಇಂಥದ್ದನ್ನ ಮೈಯೇ ದಿನಾ ಒಂದಿಷ್ಟು ಮಾಡ್ಕೊಳ್ಳುತ್ತೆ. ಹೊರಗಿಂದ ಬರ್ತಿದೆ ಅಂತ ಈಗ ಮಾಡೋದನ್ನೇ ಮರೆತುಬಿಟ್ಟಿದೆ.”

ಹೀಗೆ ಅವಳನ್ನು ಹಾಳು ಮಾಡಿದ ಮದ್ದನ್ನೇ ಡಾಕ್ಟರ್ ಮಾತ್ರೆಯಾಗಿ ಬರೆದುಕೊಟ್ಟು ಸ್ವಲ್ಪ ಸ್ವಲ್ಪವೇ ಇಳಿಸಿದರು. ದಿನಾ ಬೆಳಗ್ಗೆ ಅದನ್ನು ನಾನೇ ಅವಳ ಬಾಯಿಗೆ ಹಾಕುತ್ತಿದ್ದೆ. ಅವಳು ನರಳುತ್ತಲೂ ಇರಲಿಲ್ಲ, ಅದೇ ನನ್ನನ್ನು ಕೊಲ್ಲುತ್ತಿತ್ತು.

ವಾರಗಳು ಕಳೆದ ಮೇಲೆ ಒಂದು ಬೆಳಗ್ಗೆ ಬ್ಯಾಂಡೇಜ್ ಬದಲಾಯಿಸುವಾಗ ದೊಡ್ಡಮ್ಮ ನನ್ನ ರಟ್ಟೆ ಹಿಡಿದುಕೊಂಡಳು.

“ನೋಯ್ತೈತೆ ಕಣೇ ಮಾಯಾ. ಮಂಡಿ, ಕಾಲು ಎಲ್ಲಾ ನೋಯ್ತೈತೆ.”

ಗಾಯದ ತಳದಲ್ಲಿ ಹೊಸ ಕೆಂಪು ಮಾಂಸ ಕಾಣಿಸಿತ್ತು. ಕಾಲು ಉಳಿಯಿತು ಎಂದರು ಡಾಕ್ಟರ್. ದೊಡ್ಡಮ್ಮ ನರಳುತ್ತಲೇ ಇದ್ದಳು. ಆ ನರಳಾಟ ಕೇಳುತ್ತಾ ನಾನು ಅವಳ ಮಂಚದ ಪಕ್ಕ ನೆಲದಲ್ಲೇ ನಿದ್ದೆ ಹೋದೆ.